ಕಟ್ಟಿದವರ ನೆಲೆ

ಮಳೆ ತಪ್ಪಿದ ವರ್ಷ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಿಂದ ಬೆಂಗಳೂರಿಗೆ ಗುಳೆ ಹೋಗುವವರು ಅಲ್ಲಿ ಬಹುಮಹಡಿಗಳನ್ನು ಕಟ್ಟಿ, ತಾವು ತಗಡಿನ ಶೆಡ್ಡುಗಳಲ್ಲಿ ಮಲಗುವರೆಂಬುದನ್ನು ವಾಚಕರು ಬಲ್ಲರು. 2007ರಲ್ಲಿ 7 ನಗರಸಭೆಗಳನ್ನೂ ನೂರಕ್ಕೆ ಮಿಕ್ಕ ಹಳ್ಳಿಗಳನ್ನೂ ಒಳಗೊಂಡ ಆ ಮಹಾನಗರದಲ್ಲಿ 2011ರ ಜನಗಣತಿಯ ವೇಳೆಗೇ 84 ಲಕ್ಷ ಜನರಿದ್ದರು. ಅದು ಇನ್ನು ಅಡ್ಡಡ್ಡ ಹಬ್ಬದೆ ಮೇಲಕ್ಕೆ ಬೆಳೆಯಲಿ ಎಂಬ ವಾದ ನನಗೂ ಒಪ್ಪಿಗೆಯೇ. ನೀರಿನ ಕೊಳವೆಗೂ ಬಸ್ಸಿಗೂ ಖರ್ಚು ಕಡಿಮೆ. ಆದರೆ ಕಟ್ಟಡ ಮುಗಿದೊಡನೆ ಶೆಡ್ಡು ಕಿತ್ತುಹಾಕುತ್ತಾರೆ. ಕಟ್ಟಿದವನು ಇನ್ನಷ್ಟು ಆಚೆಯ ಬಯಲಿಗೆ ಸರಿಯುತ್ತಾನೆ. ಊರು ಹಬ್ಬುವುದು ಹೀಗೆಯೂ ಉಂಟು. ನಕ್ಷೆ ಮಂಜೂರು ಮಾಡುವಾಗಲೇ, ಅದೇ ನಿವೇಶನದಲ್ಲಿ ದುಡಿಯುವವರಿಗೆ ಅಗ್ಗದ ಬಾಡಿಗೆಯ ಕೆಲವು ಕೋಣೆಗಳನ್ನು ಕಾಯಮ್ಮಾಗಿ ಬಿಡಬೇಕೆಂಬ ಷರತ್ತು ವಿಧಿಸಬೇಕೆಂದು ನನ್ನ ಮತ. ಜಾಗವಿಲ್ಲವೆನ್ನುವವರು, ಕಾರು ನಿಲ್ಲಿಸಲು ತಾವು ಎಷ್ಟು ನೆಲಮಾಳಿಗೆ ತೋಡಿಸಿದ್ದಾರೆಂಬುದನ್ನೂ ಅದೇ ಅರ್ಜಿಯಲ್ಲಿ ಬರೆಯಲಿ.