ವಕಾಂಡಕ್ಕೆ ಹಸಿರು, ಎರೆವ್ಹಾನ್‌ಗೆ ಕೆಂಪು

ರಜೆಯಲ್ಲಿ ಮಗಳು ಮತ್ತು ಅವಳ ಇಬ್ಬರು ಗೆಳತಿಯರು ಕೂತು ಒಂದು ಎಕ್ಸೆಲ್ ಶೀಟು ಮಾಡಿದರು. ಸಿನಿಮಾ, ಕಾಮಿಕ್ಸು, ಕಾದಂಬರಿಗಳಲ್ಲಿ ಬರುವ ಇಲ್ಲದ ದೇಶಗಳ ಪಟ್ಟಿ ಅದು. ಕೆಲವು ಹೆಸರುಗಳನ್ನು ನನ್ನ ಕಪಾಟಿನಿಂದಲೇ ಎತ್ತಿಕೊಂಡಿದ್ದರು. ಇಂಧನ, ಆಯುಧ, ವಾಹನ, ಕಟ್ಟಡ ಎಂದು ನಾಲ್ಕು ಕಾಲಮ್ಮು. ಐದನೆಯದು ತೀರ್ಪು: ಮುಂದುವರಿದದ್ದು, ಮುಂದುವರಿಯುತ್ತಿರುವುದು, ಹಿಂದುಳಿದದ್ದು. ಹಸಿರು, ಹಳದಿ, ಕೆಂಪು. ಪ್ರತಿ ಶುಕ್ರವಾರ ನಾನು ಕ್ಲೈಂಟಿಗೆ ಕಳಿಸುವ ಸ್ಟೇಟಸ್ ರಿಪೋರ್ಟಿನ ಬಣ್ಣಗಳೇ. ಮಕ್ಕಳು ಮನೆಯಲ್ಲಿ ಏನು ಕಲಿಯುತ್ತಾರೆ ಅನ್ನುವುದು ಹೀಗೆ ಗೊತ್ತಾಗುತ್ತದೆ.

ಮಕ್ಕಳ ಆಟಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳುವುದೇಕೆ ಎಂದು ನೀವು ಕೇಳಬಹುದು. ಆದರೆ ಈ ಆಟ ಆಡುವವರು ಮಕ್ಕಳು ಮಾತ್ರ ಅಲ್ಲ. ಎಂಟೆಕ್ ಹಾಸ್ಟೆಲಿನಲ್ಲಿ ನಾವೂ ರಾತ್ರಿಯೆಲ್ಲ ಆಡಿದ್ದೇವೆ. ಆಗ ನಮ್ಮ ಕೈಲಿದ್ದದ್ದು ಕಾರ್ಡಶೆವ್ ಅಳತೆಗೋಲು. 1964ರಲ್ಲಿ ಸೋವಿಯತ್ ಖಗೋಳ ವಿಜ್ಞಾನಿ ನಿಕೊಲಾಯ್ ಕಾರ್ಡಶೆವ್ ನಾಗರಿಕತೆಗಳನ್ನು ಅವು ಬಳಸುವ ಶಕ್ತಿಯ ಪ್ರಮಾಣದ ಮೇಲೆ ಮೂರು ಬಗೆಯಾಗಿ ವಿಂಗಡಿಸಿದ. ಅವನಿಗೆ ಒಂದು ಕೆಲಸ ಇತ್ತು. ದೂರದ ಲೋಕಗಳಿಂದ ರೇಡಿಯೋ ಸಂಕೇತ ಬರುವುದಾದರೆ ಅದು ಎಷ್ಟು ಬಲವಾಗಿರಬಹುದು ಎಂದು ಅಂದಾಜು ಮಾಡಬೇಕಿತ್ತು. ನಾವು ಅದೇ ಕೋಲನ್ನು ತಂದು ಕತೆಗಳ ಬೆನ್ನಿಗೆ ಬಾರಿಸಿದೆವು.

ನನ್ನ ತಕರಾರು ಅಳತೆಯ ಮೇಲಲ್ಲ. ಅಳತೆಯಿಂದಲೇ ನನ್ನ ಅನ್ನ. ನಾನು ದೇವದುರ್ಗದವನು. 2002ರಲ್ಲಿ ನಂಜುಂಡಪ್ಪ ಸಮಿತಿ ಕರ್ನಾಟಕದ 175 ತಾಲ್ಲೂಕುಗಳನ್ನು ತೂಗಿ 114ನ್ನು ಹಿಂದುಳಿದವು ಎಂದಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, ಅದರಲ್ಲಿ ನಮ್ಮದೂ ಒಂದು. ಓದಿದಾಗ ಚುರುಕ್ ಅಂದಿದ್ದು ನಿಜ. ಆದರೂ ಆ ಪಟ್ಟಿಯನ್ನು ನಾನು ಬೈಯುವುದಿಲ್ಲ. ಯಾವ ತಾಲ್ಲೂಕಿಗೆ ಎಷ್ಟು ಹಣ ಕೊಡಬೇಕೆಂಬ ಪ್ರಶ್ನೆಗೆ ಉತ್ತರವಾಗಿ ಹುಟ್ಟಿದ ಪಟ್ಟಿ ಅದು. ವಿಶ್ವಸಂಸ್ಥೆ 1971ರಿಂದ ಇಟ್ಟುಕೊಂಡು ಬಂದಿರುವ ಅತಿ ಹಿಂದುಳಿದ ದೇಶಗಳ ಪಟ್ಟಿಯೂ ಅಂಥದ್ದೇ, ಅದರಲ್ಲಿದ್ದರೆ ವ್ಯಾಪಾರದಲ್ಲಿ ರಿಯಾಯಿತಿ ಸಿಗುತ್ತದೆ. ವಕಾಂಡಕ್ಕೆ ಯಾರು ಅನುದಾನ ಕೊಡಬೇಕಾಗಿದೆ? ಲಿಲಿಪುಟ್ಟಿಗೆ ಯಾರು ಸುಂಕ ಬಿಡಬೇಕಾಗಿದೆ? ಯಾವ ನಿರ್ಧಾರಕ್ಕೂ ಬೇಡದ ವಿಂಗಡಣೆಯಲ್ಲಿ ಉಳಿಯುವುದು ಯಾರು ಮೇಲು, ಯಾರು ಕೀಳು ಅನ್ನುವುದೊಂದೇ. ಆ ರುಚಿ ನಮಗೆ ಮೊದಲಿಂದಲೂ ಚೆನ್ನಾಗಿ ಗೊತ್ತು.

ವಕಾಂಡವನ್ನೇ ನೋಡಿ. 1966ರ ಕಾಮಿಕ್ಸಿನಲ್ಲಿ ಹುಟ್ಟಿ 2018ರ ಸಿನಿಮಾದಿಂದ ಮನೆಮಾತಾದ ಆಫ್ರಿಕದ ಈ ದೇಶ ಮಗಳ ಪಟ್ಟಿಯಲ್ಲಿ ಮೊದಲನೆಯದು. ನಾಲ್ಕಕ್ಕೆ ನಾಲ್ಕು ಹಸಿರು. ಆದರೆ ಆ ಸಿನಿಮಾದ ಜೀವವೇ ಒಂದು ಸುಳ್ಳು ವಿಂಗಡಣೆಯಲ್ಲಿದೆ. ಬಡ ರೈತರ ದೇಶ ಎಂದು ಜಗತ್ತು ನಂಬಿರುತ್ತದೆ, ಅವರೂ ನಂಬಲು ಬಿಟ್ಟಿರುತ್ತಾರೆ. ಕೊನೆಯಲ್ಲಿ ವಿಶ್ವಸಂಸ್ಥೆಯ ಸಭೆಯಲ್ಲಿ ಒಬ್ಬ ಇದನ್ನೇ ಹಿಡಿದು ಅವರನ್ನು ಕೆಣಕುತ್ತಾನೆ. ಪಟ್ಟಿ ಮಾಡುವವನ ಕೆನ್ನೆಗೇ ಬಾರಿಸುವ ದೃಶ್ಯ ಅದು. ಅದನ್ನು ನೋಡಿ ನಕ್ಕು ಮನೆಗೆ ಬಂದು ನಾವು ಮತ್ತೆ ಪಟ್ಟಿ ಮಾಡುತ್ತೇವೆ. ಆ ದೇಶದ ಸಿರಿಯೆಲ್ಲ ಆಕಾಶದಿಂದ ಬಿದ್ದ ಒಂದು ಲೋಹದ್ದು. ರಾಜನಾಗಲು ಜಲಪಾತದ ಅಂಚಿನಲ್ಲಿ ಹೊಡೆದಾಡಬೇಕು. ಗೆದ್ದವನು ಅಯೋಗ್ಯನಾದರೆ ಏನು ಗತಿ ಅನ್ನುವುದೇ ಸಿನಿಮಾದ ಕತೆ. ಇದಕ್ಕೆ ಶೀಟಿನಲ್ಲಿ ಕಾಲಮ್ಮೇ ಇಲ್ಲ.

ಹಳದಿ ಸಿಕ್ಕಿದ್ದು ಲೇಡಿಲ್ಯಾಂಡಿಗೆ. ಬಂಗಾಳದ ರೊಕೆಯಾ ಸಖಾವತ್ ಹುಸೇನ್ ಇಂಗ್ಲಿಷಿನಲ್ಲಿ ಬರೆದ ‘ಸುಲ್ತಾನಾಸ್ ಡ್ರೀಮ್’ ಮದರಾಸಿನ ಇಂಡಿಯನ್ ಲೇಡೀಸ್ ಮ್ಯಾಗಜಿನ್ನಿನಲ್ಲಿ ಅಚ್ಚಾದದ್ದು 1905ರಲ್ಲಿ. ಅಲ್ಲಿ ಹೆಂಗಸರು ರಾಜ್ಯ ನಡೆಸುತ್ತಾರೆ, ಗಂಡಸರು ಪರದೆಯ ಒಳಗೆ. ಸೂರ್ಯನ ಶಾಖವನ್ನು ಕೂಡಿಟ್ಟು ಅಡುಗೆ ಮಾಡುತ್ತಾರೆ, ಮೋಡದಿಂದ ನೇರ ನೀರು ಇಳಿಸುತ್ತಾರೆ, ಗಾಳಿಯಲ್ಲಿ ಹಾರುತ್ತಾರೆ. ಹಾಗಿದ್ದರೆ ಹಳದಿ ಏಕೆ? ‘ರಸ್ತೆ: ಪಾಚಿ ಮತ್ತು ಹೂವು’ ಎಂದು ಮಕ್ಕಳು ಬರೆದಿದ್ದರು. ಕಾಂಕ್ರೀಟು ಇಲ್ಲ, ಅಂಕ ಕಟ್! ಹೆಂಗಸರನ್ನು ಮನೆಯೊಳಗೆ ಕೂಡಿಹಾಕುವ ದೇಶಗಳ ಜೊತೆ ನಾವು ವ್ಯಾಪಾರ ಮಾಡುವುದಿಲ್ಲ ಎನ್ನುತ್ತಾಳೆ ಅಲ್ಲಿನ ರಾಣಿ. ನಮ್ಮ ಲೆಕ್ಕದಲ್ಲಿ ಅದು ರಫ್ತಿಗೆ ನಷ್ಟ. ಕಚೇರಿ ಕೆಲಸ ಅವರಿಗೆ ದಿನಕ್ಕೆ ಎರಡೇ ಗಂಟೆ, ಯಾಕೆಂದರೆ ಗಂಡಸರು ಆರು ಗಂಟೆ ಚುಟ್ಟಾ ಸೇದುವುದರಲ್ಲೇ ಕಳೆಯುತ್ತಿದ್ದರಂತೆ. (ಚುಟ್ಟಾದ ಜಾಗದಲ್ಲಿ ಸ್ಟೇಟಸ್ ಕಾಲ್ ಎಂದು ಓದಿಕೊಂಡರೆ ನನ್ನ ಆಫೀಸೇ.) ಒಬ್ಬ ಹೆಂಗಸು ತನ್ನ ಕಾಲದ ಅಳತೆಗೋಲನ್ನೇ ತಲೆಕೆಳಗು ಮಾಡಿ ಬರೆದ ಕತೆಯನ್ನು ಅದೇ ಕೋಲಿನಿಂದ ಅಳೆದು ಹಳದಿ ಬಳಿಯುವುದು ಅವಳು ಬರೆದದ್ದನ್ನು ಅಳಿಸಿಹಾಕಿದಂತೆ.

ಎರೆವ್ಹಾನ್‌ಗೆ ಆದದ್ದು ಇನ್ನೂ ಅನ್ಯಾಯ. 1872ರಲ್ಲಿ ಸ್ಯಾಮ್ಯುಯೆಲ್ ಬಟ್ಲರ್ ಕಟ್ಟಿದ ಈ ದೇಶದಲ್ಲಿ ಯಂತ್ರಗಳಿಲ್ಲ. ಪ್ರಯಾಣಿಕನ ಕೈಗಡಿಯಾರವನ್ನೂ ಕಸಿದುಕೊಳ್ಳುತ್ತಾರೆ. ಕೆಂಪು, ಹಿಂದುಳಿದದ್ದು. ಆದರೆ ಅವರು ಯಂತ್ರ ಕಾಣದವರಲ್ಲ. ಯಂತ್ರಗಳು ಒಂದು ದಿನ ಮನುಷ್ಯನನ್ನು ಮೀರಿ ಬೆಳೆಯುತ್ತವೆ ಎಂಬ ವಾದವನ್ನು ಕೇಳಿ, ಜಗಳವಾಡಿ, ಅಂತರ್ಯುದ್ಧ ಮಾಡಿ, ಹಿಂದಿನ 271 ವರ್ಷಗಳಲ್ಲಿ ಹುಟ್ಟಿದ ಯಂತ್ರಗಳನ್ನು ಒಡೆದುಹಾಕಿದವರು. ಒಡೆದ ಚೂರುಗಳು ಮ್ಯೂಸಿಯಮ್ಮಿನಲ್ಲಿವೆ. ಅವರು ಮಾಡಿದ್ದು ಸರಿ ಎಂದು ನಾನು ಹೇಳುತ್ತಿಲ್ಲ, ಕಾಯಿಲೆ ಬಿದ್ದವನನ್ನು ಜೈಲಿಗೆ ಹಾಕುವ ದೇಶ ಅದು. ಆದರೆ ‘ಇನ್ನೂ ತಲುಪಿಲ್ಲ’ ಅನ್ನುವುದಕ್ಕೂ ‘ತಲುಪಿ, ಬೇಡವೆಂದು ತಿರುಗಿ ಬಂದೆವು’ ಅನ್ನುವುದಕ್ಕೂ ಒಂದೇ ಕೆಂಪು ಬಣ್ಣ ಕೊಡುವ ಶೀಟು ತಪ್ಪು ಶೀಟು. ಈಗ ನಮ್ಮ ಕ್ಷೇತ್ರದಲ್ಲಿ ಪ್ರತಿ ಮೀಟಿಂಗಿನಲ್ಲೂ ಎಐ ಎಷ್ಟು ಬೇಗ ತರುತ್ತೀರಿ ಎಂಬ ಪ್ರಶ್ನೆ ಬರುತ್ತದೆ, ತರಬೇಕೇ ಎಂಬ ಪ್ರಶ್ನೆಗೆ ಸ್ಲೈಡಿನಲ್ಲಿ ಜಾಗ ಇರುವುದಿಲ್ಲ. ಹಾಗೆ ಕೇಳಿದವನು ಹಿಂದುಳಿದವನು. ನಾನೂ ಕೇಳಿಲ್ಲ.

ಅಳತೆಗಳೇ ಒಂದು ಕಾಲದಲ್ಲಿ ಜಗಳಗಳಾಗಿದ್ದವು ಅನ್ನುವುದನ್ನು ನಾವು ಮರೆಯುತ್ತೇವೆ. 1990ರಲ್ಲಿ ಮಹಬೂಬ್ ಉಲ್ ಹಕ್ ಅಮರ್ತ್ಯ ಸೇನರ ನೆರವಿನಿಂದ ಮಾನವ ಅಭಿವೃದ್ಧಿ ಸೂಚ್ಯಂಕ ತಂದದ್ದು ತಲಾ ಆದಾಯ ಒಂದನ್ನೇ ನೋಡುವ ಕುರುಡಿನ ವಿರುದ್ಧ. ಆಯಸ್ಸು, ಓದು ಎಂಬ ಎರಡು ಕಾಲಮ್ಮು ಸೇರಿಸಲು ಅಷ್ಟು ದೊಡ್ಡವರು ಹೆಣಗಬೇಕಾಯಿತು. ಕತೆಗಾರನಿಗೆ ಆ ಕಷ್ಟವಿಲ್ಲ. ಒಂದು ಸಾಲಿನಲ್ಲಿ ಹೊಸ ಕಾಲಮ್ಮು ಹುಟ್ಟಿಸಬಲ್ಲ. ಆ ಸ್ವಾತಂತ್ರ್ಯವನ್ನು ಅವನ ಕೈಯಿಂದ ಕಿತ್ತುಕೊಂಡು ಟರ್ಬೈನ್ ಎಣಿಸಲು ನಮಗೆ ಯಾರು ಹೇಳಿದರು?

ಇಷ್ಟನ್ನೂ ಊಟದ ಹೊತ್ತಿಗೆ ಮಗಳಿಗೆ ಹೇಳಿದೆ, ಸ್ವಲ್ಪ ಜೋರಾಗಿಯೇ. ಅವಳು ಲ್ಯಾಪ್‌ಟಾಪು ತಿರುಗಿಸಿ, ‘ಹಂಗಾರ ಯಾವ ಕಾಲಮ್ ಹಾಕ್ಲಿ, ನೀನ ಹೇಳು’ ಅಂದಳು. ಅಲ್ಲಿ ಹುಟ್ಟಿದರೆ ನಾನು ಏನಾಗಿರುತ್ತೇನೆ ಅಂತ ಒಂದು ಹಾಕು ಎಂದೆ. ವಕಾಂಡದ ಮುಂದೆ ಬಹಳ ಹೊತ್ತು ಯೋಚಿಸಿ ಖಾಲಿ ಬಿಟ್ಟಳು. ಲೇಡಿಲ್ಯಾಂಡಿನ ಮುಂದೆ ತನ್ನ ಹೆಸರಿಗೆ ‘ವಿಜ್ಞಾನಿ’ ಎಂದು ಬರೆದು, ನನ್ನ ಕಡೆ ನೋಡಿ, ‘ನೀ ಅಡಗಿಮನ್ಯಾಗ ಇರ್ತಿ ಅಪ್ಪಾ’ ಅಂದಳು. ನನ್ನ ಹೆಂಡತಿ ಆ ಸಾಲಿಗೆ ಕೂಡಲೇ ಹಸಿರು ಹಾಕಲು ಹೇಳಿದಳು.