ರೆಕ್ಕೆಗಷ್ಟೇ ಅಲ್ಲ, ಗಾಲಿಗೂ ಮರ್ಯಾದೆ ಬೇಕು



ವಿಮಾನದ ಚಿತ್ರ ಬರೆಯಿರಿ ಅಂದರೆ ನಾವೆಲ್ಲ ಮೊದಲು ರೆಕ್ಕೆ ಬರೆಯುತ್ತೇವೆ. ಗಾಲಿ ನೆನಪಾದರೆ ಕೊನೆಗೆ ಕೆಳಗಡೆ ಎರಡು ಸೊನ್ನೆ ಸುತ್ತುತ್ತೇವೆ, ಅಷ್ಟೆ. ಇದು ಸರಿಯಲ್ಲ ಅಂತ ನನ್ನ ಅಭಿಪ್ರಾಯ.

ವಿಮಾನ ಅಂದರೆ ದೊಡ್ಡ ಕಾರ್ಖಾನೆಯಲ್ಲೇ ಆಗಬೇಕು ಅಂತೇನಿಲ್ಲ. ಬೆಂಗಳೂರಿನ ರಾಜ್ ಹಂಸ ಎಂಬ ಸಂಸ್ಥೆ ಎಕ್ಸ್-ಏರ್ ಎಂಬ ಎರಡು ಸೀಟಿನ ಪುಟ್ಟ ವಿಮಾನದ ಬಿಡಿಭಾಗಗಳನ್ನು ಹೊರದೇಶಗಳಿಗೂ ಕಳಿಸಿತ್ತು. ಇಂಗ್ಲೆಂಡಿನಲ್ಲಿ ಕೊಂಡವರು ತಾವೇ ಜೋಡಿಸಿ ಹಾರಿಸಿದರು. ಕೇರಳದ ಸಜಿ ಥಾಮಸ್ ಅವರಿಗೆ ಕಿವಿ ಕೇಳಿಸದು, ಮಾತು ಬಾರದು. ಅವರು ಸ್ವತಃ ಕಟ್ಟಿದ ವಿಮಾನ 2014ರಲ್ಲಿ ಹಾರಿತು.

ಹೀಗೆ ಕಟ್ಟುವಾಗ ಗಾಲಿ ಜೋಡಿಸೋದು ಸುಲಭ ಅಂದ್ಕೋಬೇಡಿ. ಎರಡು ಗಾಲಿಯೂ ನೇರ ಮುಂದಕ್ಕೇ ನೋಡುತ್ತಿರಬೇಕು. ಒಂದು ಚೂರು ಓರೆಯಾದರೂ ಟೈರು ಉಜ್ಜಿ ಸವೆಯುತ್ತದೆ, ವಿಮಾನ ಪಕ್ಕಕ್ಕೆ ಎಳೆಯುತ್ತದೆ. ಅದಕ್ಕೆ ಉದ್ದದ ನೇರ ಪಟ್ಟಿ, ಮೂಲೆಮಟ್ಟ ಇಟ್ಟು ಅಳೆದು, ಅಚ್ಚಿನ ಬುಡಕ್ಕೆ ತೆಳುವಾದ ತಗಡು ಕೊಟ್ಟು ಸರಿಮಾಡುತ್ತಾರೆ. ಬೋಲ್ಟನ್ನು ಮನಸ್ಸಿಗೆ ಬಂದಷ್ಟು ಬಿಗಿಯುವ ಹಾಗಿಲ್ಲ. ಬಿಗಿ ಕಡಿಮೆಯಾದರೆ ಸಡಿಲ, ಜಾಸ್ತಿಯಾದರೆ ಬೋಲ್ಟೇ ಎಳೆದು ಸೋಲುತ್ತದೆ. ಬಿಗಿಯನ್ನು ಅಳೆಯೋಕೆ ಟಾರ್ಕ್ ರೆಂಚ್ ಅಂತ ಬೇರೆ ಸ್ಪ್ಯಾನರ್ ಇದೆ. ಅಚ್ಚಿನ ನಟ್ಟನ್ನು ಬಿಗಿದು, ಮತ್ತೆ ಚೂರು ಹಿಂದಕ್ಕೆ ಬಿಟ್ಟು, ಗಾಲಿ ಸಲೀಸಾಗಿ ತಿರುಗಬೇಕು ಆದರೆ ಅಲ್ಲಾಡಬಾರದು ಅನ್ನೋ ಹದಕ್ಕೆ ತರಬೇಕು. ಆಮೇಲೆ ನಟ್ಟು ಬಿಚ್ಚಿಕೊಳ್ಳದಂತೆ ಸ್ಪ್ಲಿಟ್ ಪಿನ್ ಹಾಕಿ ಬಾಗಿಸಬೇಕು. ಒಮ್ಮೆ ತೆಗೆದ ಪಿನ್ ಮತ್ತೆ ಬಳಸಬಾರದು.

ಇದೇನು ಹೊಸದೇ? ನಮ್ಮ ಎತ್ತಿನ ಗಾಡಿಯ ಕಡಾಣಿ ಮಾಡುವ ಕೆಲಸವೂ ಗಾಲಿ ಕಳಚದಂತೆ ಕಾಯೋದೇ ತಾನೆ! ಟ್ರ್ಯಾಕ್ಟರಿನ ಮುಂದಿನ ಚಕ್ರದಲ್ಲೂ ಇದೇ ಪಿನ್ ಇದೆ. ಬೇಲೂರಿನ ತೇರಿನಲ್ಲಿ ನಾವು ಕಳಶ ನೋಡಿ ಕೈ ಮುಗೀತೀವಿ, ಗಾಲಿಗೆ ಅಡ್ಡ ಕೊಡೋರನ್ನು ಯಾರು ನೋಡ್ತಾರೆ?

ರೈಟ್ ಸಹೋದರರು 1903ರಲ್ಲಿ ಗಾಲಿ ಇಲ್ಲದೇ ಹಾರಿದರಲ್ಲ ಅಂತ ಕೆಲವರು ಕೇಳಬಹುದು. ನಿಜ. ಆದರೆ ಅವರಿಗೆ ನೆಲದ ಮೇಲೆ ಹಳಿ ಹಾಸಬೇಕಾಗಿತ್ತು. ಇಳಿದದ್ದು ಮರಳಿನ ಮೇಲೆ, ಜಾರುಪಟ್ಟಿಯಲ್ಲಿ. ಪ್ರತಿ ಸಲವೂ ವಿಮಾನವನ್ನು ಹಳಿಯ ತನಕ ವಾಪಸ್ ತರಬೇಕಿತ್ತು.

ನಮ್ಮ ತರಗತಿಯಲ್ಲಿ ಕೊನೆ ಬೆಂಚಿನ ಒಬ್ಬ ಹುಡುಗ ಮನೆಯ ಟ್ರ್ಯಾಕ್ಟರಿನ ಚಕ್ರ ಬಿಚ್ಚಿ, ಬೇರಿಂಗಿಗೆ ಗ್ರೀಸ್ ತುಂಬಿ, ಮತ್ತೆ ಕೂರಿಸಬಲ್ಲ. ಗಣಿತದಲ್ಲಿ ಕಡಿಮೆ ಅಂಕ ಬಂತೆಂದು ಅವನನ್ನು ದಡ್ಡ ಅಂತಾರೆ. "ಓದದಿದ್ರೆ ಅರಸೀಕೆರೆ ರಸ್ತೆ ಗ್ಯಾರೇಜೇ ಗತಿ" ಅಂತ ಹೆದರಿಸ್ತಾರೆ. ಅವನೀಗ ಹತ್ತನೇ ತರಗತಿ ಕಟ್ಟೋದೇ ಬೇಡ ಅಂತಿದ್ದಾನೆ. ಹತ್ತು ಪಾಸಾದರೆ ಐ.ಟಿ.ಐ.ನಲ್ಲಿ ಫಿಟ್ಟರ್ ಕಲಿಯಬಹುದು, ಎಚ್.ಎ.ಎಲ್. ಫಿಟ್ಟರ್‌ಗಳನ್ನೂ ಅಪ್ರೆಂಟಿಸ್ ಆಗಿ ತೆಗೆದುಕೊಳ್ಳುತ್ತದೆ ಅನ್ನೋದನ್ನು ಅವನಿಗೆ ಯಾರೂ ಹೇಳಿಲ್ಲ. ನಾನೇ ಹೇಳಿದೆ, ಅವನು ನಂಬಲಿಲ್ಲ.

ಆದ್ದರಿಂದ ನನ್ನ ಕೋರಿಕೆ ಇಷ್ಟೆ. ಶನಿವಾರದ ಕಾರ್ಯಾನುಭವ ಪಿರಿಯಡ್ಡನ್ನು ಗಣಿತಕ್ಕೆ ಕೊಡಬೇಡಿ. ಆ ಹುಡುಗನೇ ನಮಗೆ ಸೈಕಲ್ ಹಬ್ ಬಿಚ್ಚಿ ಜೋಡಿಸೋದನ್ನು ತೋರಿಸಲಿ. ಹುಡುಗೀರಿಗೆ ಸ್ಪ್ಯಾನರ್ ಯಾಕೆ ಅನ್ನಬೇಡಿ, ನಾನು ಮೊದಲ ಸಾಲಲ್ಲೇ ಕೂರ್ತೀನಿ. ಯಾರ ಮನೇಲಾದ್ರೂ ಹಳೇ ಸೈಕಲ್ ಚಕ್ರ ಇದ್ದರೆ ಬರುವ ಶನಿವಾರ ತನ್ನಿ. ಗ್ರೀಸ್ ನಾನು ತರ್ತೀನಿ.