ಹೊರಗಿನಿಂದ ಬಂದದ್ದೆಲ್ಲ ಕಳೆಯೇ?

ಕಳೆದ ಮಳೆಗಾಲದಲ್ಲಿ ನಮ್ಮ ಸಂಘದ ತಿಂಗಳ ಉಪನ್ಯಾಸಕ್ಕೆ ಪರಿಸರದ ವಿಷಯವನ್ನು ಆರಿಸಿಕೊಂಡಿದ್ದೆವು. ಉಪನ್ಯಾಸಕರು ಪುಣೆಯ ಗುಡ್ಡಗಳನ್ನೂ ಮುಠಾ ನದಿಯ ದಂಡೆಯನ್ನೂ ಆಕ್ರಮಿಸಿಕೊಂಡಿರುವ ವಿದೇಶೀ ಗಿಡಗಳ ಚಿತ್ರಗಳನ್ನು ತೋರಿಸಿ, ಕೊನೆಗೆ, "ಹೊರಗಿನಿಂದ ಬಂದದ್ದು ಎಂದೂ ಒಳಗಿನದಾಗದು, ಬೇರುಸಹಿತ ಕೀಳುವುದೊಂದೇ ದಾರಿ" ಎಂದರು. ಅವರು ಹೇಳಿದ್ದು ಗಿಡಗಳ ಬಗ್ಗೆ. ಆದರೂ ಒಂದು ಕ್ಷಣ ಸಭೆಯಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಮುಂದಿನ ಸಾಲಿನಲ್ಲಿದ್ದ ಹಿರಿಯರಲ್ಲಿ ಬಹುಪಾಲು ಮಂದಿ ನಲವತ್ತೈವತ್ತು ವರ್ಷಗಳ ಹಿಂದೆ ವಿಜಾಪುರ, ಗುಲ್ಬರ್ಗಾ, ದಕ್ಷಿಣ ಕನ್ನಡಗಳಿಂದ ಹೊಟ್ಟೆಪಾಡಿಗಾಗಿ ಇಲ್ಲಿಗೆ ಬಂದವರು. ಇಂಥ ಮಾತನ್ನು ಅವರು ಬೇರೆ ಸಂದರ್ಭಗಳಲ್ಲಿ, ಬೇರೆ ದನಿಯಲ್ಲಿ ಕೇಳಿದ್ದಾರೆ. ಆ ಒಂದು ಕ್ಷಣದ ಮೌನವೇ ಈ ಲೇಖನಕ್ಕೆ ಪ್ರೇರಣೆ.

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಉಪನ್ಯಾಸಕರು ವಿವರಿಸಿದ ಹಾನಿ ಕಾಲ್ಪನಿಕವಲ್ಲ. ಮರಾಠಿಗರು 'ಗಾಜರ ಗವತ' ಎಂದೂ ನಾವು 'ಕಾಂಗ್ರೆಸ್ ಗಿಡ' ಎಂದೂ ಕರೆಯುವ ಪಾರ್ಥೇನಿಯಂ ಭಾರತದಲ್ಲಿ ಹಬ್ಬತೊಡಗಿದ್ದನ್ನು ಸಸ್ಯವಿಜ್ಞಾನಿಗಳು ಗುರುತಿಸಿದ್ದು 1955ರಲ್ಲಿ, ಇದೇ ಪುಣೆಯಲ್ಲಿ. ಅಮೆರಿಕದ ಉಷ್ಣವಲಯದ ಈ ಕಳೆಯ ಒಂದೊಂದು ಗಿಡವೂ ಸಾವಿರಾರು ಬೀಜಗಳನ್ನು ಉದುರಿಸುತ್ತದೆ. ಅದರ ಪರಾಗದಿಂದ ಉಬ್ಬಸ, ಸ್ಪರ್ಶದಿಂದ ಚರ್ಮರೋಗ. ಇದನ್ನು ಹತೋಟಿಗೆ ತರಲು ಮೆಕ್ಸಿಕೋದಿಂದ ಒಂದು ಜಾತಿಯ ಜೀರುಂಡೆಯನ್ನು ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಜೀರುಂಡೆ ಎಲೆಗಳನ್ನು ತಿಂದು ಬೋಳಾಗಿಸಿತು, ನಿಜ. ಗಿಡ ಮಾತ್ರ ಇಂದಿಗೂ ರಸ್ತೆಬದಿಯನ್ನು ಬಿಟ್ಟಿಲ್ಲ.

ಲಂಟಾನದ ಕತೆ ಇನ್ನೂ ಹಳೆಯದು. ಇಲ್ಲಿ 'ಘಾಣೇರಿ' ಎನಿಸಿಕೊಂಡಿರುವ ಇದನ್ನು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟಿಷರು ಹೂವಿನ ಅಂದಕ್ಕಾಗಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದರು. ಇಂದು ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟಗಳ ಕಾಡಿನಲ್ಲಿ ಆಳೆತ್ತರದ ಪೊದೆಯಾಗಿ ನಿಂತಿದೆ. ಅದರಡಿಯಲ್ಲಿ ಹುಲ್ಲು ಬೆಳೆಯದು, ನೆಲ್ಲಿಯ ಸಸಿ ಮೇಲೇಳದು. ಅದರ ಎಲೆಯನ್ನು ಜಿಂಕೆಯಾಗಲಿ ದನವಾಗಲಿ ಮೂಸುವುದಿಲ್ಲ. ಬೇಸಗೆಯಲ್ಲಿ ಒಣಗಿದ ಪೊದೆಯ ಮೂಲಕ ನೆಲದ ಬೆಂಕಿ ಮರದ ತುದಿಗೇರುತ್ತದೆ. ದೇಶದ ಕಾಡುಗಳ ಶೇಕಡಾ 40ಕ್ಕೂ ಹೆಚ್ಚು ಭಾಗ ಲಂಟಾನದ ಹಾವಳಿಗೆ ತುತ್ತಾಗಿದೆಯೆಂದು 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಂದಾಜು ಮಾಡಿದೆ. ಇದನ್ನು ಕಂಡೂ ಕಾಣದಂತಿರುವುದು ಉದಾರತೆಯಲ್ಲ, ಅಜ್ಞಾನ.

ಹಾಗಾದರೆ ನನ್ನ ತಕರಾರು ಎಲ್ಲಿ? ತಕರಾರಿರುವುದು 'ಹೊರಗಿನದು' ಎಂಬ ಶಬ್ದವನ್ನೇ 'ಕಳೆ' ಎಂಬುದಕ್ಕೆ ಪರ್ಯಾಯವಾಗಿ ಬಳಸುವುದರಲ್ಲಿ. ನಮ್ಮ ಅನ್ನದ ತಟ್ಟೆಯನ್ನೇ ನೋಡೋಣ. ಹಳೆ ಮೈಸೂರಿನವರ ರಾಗಿ, ಉತ್ತರ ಕರ್ನಾಟಕದವರ ಜೋಳ ಎರಡೂ ಸಾವಿರಾರು ವರ್ಷಗಳ ಹಿಂದೆ ಆಫ್ರಿಕದಿಂದ ಬಂದವು. ಬ್ಯಾಡಗಿಯ ಹೆಸರನ್ನು ಬೆಳಗಿಸಿದ ಮೆಣಸಿನಕಾಯಿ ಪೋರ್ಚುಗೀಸರ ಹಡಗಿನಲ್ಲಿ ಅಮೆರಿಕದಿಂದ ಇಳಿದದ್ದು. ಕರಾವಳಿಯ ಗೋಡಂಬಿಯೂ ಅಷ್ಟೇ. ಬಾಬಾಬುಡನ್ ಹೆಸರಿನೊಡನೆ ಜನಪದ ಬೆಸೆದಿರುವ ಕಾಫಿ ಚಿಕ್ಕಮಗಳೂರಿನ ಮೂಲನಿವಾಸಿಯಲ್ಲ. ನಮ್ಮ ಭಾಷೆಯಂತೂ ಈ ಲೆಕ್ಕವನ್ನು ಮರೆಯದೆ ಇಟ್ಟುಕೊಂಡಿದೆ: 'ಸೀಮೆಬದನೆ', 'ಸೀಮೆಹುಣಸೆ' ಎಂದಿತು, ಫರಂಗಿಯವರು ತಂದ ಹಣ್ಣನ್ನು 'ಪರಂಗಿ' ಎಂದಿತು. ಹೆಸರಿನಲ್ಲಿ ಮೂಲವನ್ನು ಗುರುತಿಸಿಯೂ ಹಿತ್ತಲಿನಲ್ಲಿ ಜಾಗ ಕೊಟ್ಟಿತು. ಹೊರಗಿನಿಂದ ಬಂದ ಸಸ್ಯಗಳಲ್ಲಿ ಕಾಡನ್ನು ನುಂಗುವಂಥವು ಕೆಲವೇ ಕೆಲವು. ಆದ್ದರಿಂದ ಕೇಳಬೇಕಾದ ಪ್ರಶ್ನೆ ಎಲ್ಲಿಂದ ಬಂತು ಎಂಬುದಲ್ಲ. ಬಂದಲ್ಲಿ ಉಳಿದವುಗಳಿಗೆ ಎಡೆಗೊಡುತ್ತದೆಯೇ ಎಂಬುದು.

ಇನ್ನೊಂದು ಪ್ರಶ್ನೆಯನ್ನು ನಾವು ಕೇಳುವುದೇ ಇಲ್ಲ: ಕಳೆಗೆ ಬಾಗಿಲು ತೆರೆದವರು ಯಾರು? ಪಾರ್ಥೇನಿಯಂ ಬಂದದ್ದು ಪಿ.ಎಲ್. 480ರ ಗೋಧಿಯೊಡನೆ ಎಂಬ ಮಾತು ಜನಜನಿತ. ಆದರೆ ಆ ಕಾಯಿದೆಯ ಮೇರೆಗೆ ಭಾರತ ಒಪ್ಪಂದಕ್ಕೆ ಸಹಿ ಹಾಕಿದ್ದು 1956ರಲ್ಲಿ. ಗಿಡ ಪುಣೆಯಲ್ಲಿ ಕಂಡದ್ದು ಅದಕ್ಕೂ ಹಿಂದಿನ ವರ್ಷ. ಪರದೇಶವನ್ನು ದೂರುವುದು ಸುಲಭ. ಒಳಗಿನ ತಪ್ಪನ್ನು ಒಪ್ಪಿಕೊಳ್ಳುವುದು ಕಷ್ಟ. ಬಳ್ಳಾರಿ ಜಾಲಿ ತಾನಾಗಿ ನಡೆದುಬರಲಿಲ್ಲ. ಸೌದೆಗೆಂದು, ಹಸಿರು ಹೆಚ್ಚಲೆಂದು, ಮರಳು ತಡೆಯಲೆಂದು ಸರಕಾರಗಳೇ ಅದನ್ನು ನೆಟ್ಟವು. ದೆಹಲಿಯ ರಿಜ್‌ನಲ್ಲಿ 'ವಿಲಾಯತಿ ಕೀಕರ್' ಆಗಿ, ತಮಿಳುನಾಡಿನಲ್ಲಿ 'ಸೀಮೈ ಕರುವೇಲಂ' ಆಗಿ, ಕಚ್ಛದಲ್ಲಿ 'ಗಾಂಡೋ ಬಾವಳ' ಆಗಿ ನಮ್ಮ ಹೊರನಾಡ ಕನ್ನಡಿಗರ ಕಣ್ಣೆದುರಿಗೇ ಇರುವುದು ಅದೇ ಮರ.

ಬಿಳಿಗಿರಿರಂಗನ ಬೆಟ್ಟದ ಉದಾಹರಣೆ ಇನ್ನೂ ಮನನೀಯವಾದುದು. ಅಲ್ಲಿನ ಸೋಲಿಗರು ಬೇಸಗೆಯ ಮೊದಲಲ್ಲೇ 'ತರಗು ಬೆಂಕಿ' ಹಾಕುತ್ತಿದ್ದರು. ಒಣ ಎಲೆಯಷ್ಟೇ ಸುಟ್ಟುಹೋಗುವ ಆ ಸಣ್ಣ ಬೆಂಕಿ ಲಂಟಾನದ ಎಳೆಯ ಸಸಿಗಳನ್ನು ಹದ್ದಿನಲ್ಲಿಟ್ಟಿತ್ತೆಂಬುದು ಅವರ ಅನುಭವದ ಮಾತು. 1974ರಲ್ಲಿ ಕಾಡು ಅಭಯಾರಣ್ಯವಾಯಿತು. ತರಗು ಬೆಂಕಿ ಅಪರಾಧವಾಯಿತು. ಮುಂದೆ ಪೊದೆ ಬೆಳೆದು, ಕಾಡಿಗೆ ಬಿದ್ದ ಬೆಂಕಿ ಸಣ್ಣದಾಗಿ ಉಳಿಯಲಿಲ್ಲ. 1997 ಮತ್ತು 2008ರ ನಡುವೆ ಅಲ್ಲಿ ಲಂಟಾನದ ಸಾಂದ್ರತೆ ಇಮ್ಮಡಿಗೂ ಮಿಕ್ಕಿ ಬೆಳೆದುದನ್ನು ಸಂಶೋಧಕರು ದಾಖಲಿಸಿದಾಗ, ವಿಜ್ಞಾನವೂ ಸೋಲಿಗರ ಮಾತಿಗೆ ಕಿವಿಗೊಡಬೇಕಾಯಿತು. ಇಲ್ಲಿನ ವಿಪರ್ಯಾಸ ನೋಡಿ: ಹೊರಗಿನ ಗಿಡ ಒಳಗೆ ಹಬ್ಬಿತು, ಒಳಗಿನ ಮನುಷ್ಯ ತನ್ನ ಕಾಡಿನಲ್ಲೇ ಹೊರಗಿನವನಾದ. 2011ರಲ್ಲಿ ಸೋಲಿಗರಿಗೆ ಅರಣ್ಯ ಹಕ್ಕುಗಳು ದೊರೆತವು, ಸಂತೋಷ. ಆದರೆ ಲಂಟಾನ ತೆಗೆಯುವ ಯೋಜನೆಗಳಲ್ಲಿ ಅವರು ಇಂದಿಗೂ ಹೆಚ್ಚಾಗಿ ಕೂಲಿಯಾಳುಗಳು, ತಿಳಿದವರಲ್ಲ. ಯಾವುದನ್ನು ಎಲ್ಲಿ ಕೀಳಬೇಕು, ಕಿತ್ತಲ್ಲಿ ಏನನ್ನು ಬೆಳೆಸಬೇಕು ಎಂಬ ತೀರ್ಮಾನದಲ್ಲಿ ಅವರಿಗೆ ಪಾಲಿರಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಬಳ್ಳಾರಿ ಜಾಲಿಯ ಇದ್ದಿಲು ಸುಟ್ಟು ಬದುಕುವ ಬಡವರ ವಿಷಯದಲ್ಲೂ ಇದೇ ನ್ಯಾಯ.

ಇನ್ನು ನಮ್ಮ ವಿಷಯ. 1960ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ದಕ್ಷಿಣದವರ ವಿರುದ್ಧ ಚಳವಳಿಯೆದ್ದು ಉಡುಪಿ ಹೊಟೇಲುಗಳಿಗೆ ಕಲ್ಲು ಬಿದ್ದುದನ್ನು ನಮ್ಮ ಹಿರಿಯರು ಮರೆತಿಲ್ಲ. ಹಾಗೆಂದು ನಾವು ಕೇವಲ ನೊಂದವರೆಂದು ಹೇಳಿಕೊಳ್ಳುವ ಅಧಿಕಾರವೂ ನಮಗಿಲ್ಲ. 2012ರ ಆಗಸ್ಟಿನಲ್ಲಿ ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ವದಂತಿಗಳಿಗೆ ಹೆದರಿ ರೈಲು ಹತ್ತಿದ್ದು ನಮ್ಮ ಬೆಂಗಳೂರಿನಿಂದಲೇ. 'ಕಳೆ ಕೀಳಬೇಕು' ಎಂಬ ರೂಪಕ ಮನುಷ್ಯರ ಮೇಲೆ ಪ್ರಯೋಗವಾದಾಗ ಅದಕ್ಕೆ ಊರು, ಭಾಷೆಗಳ ಭೇದವಿರುವುದಿಲ್ಲ. ಇಂದು ಅವರಾದರೆ ನಾಳೆ ನಾವು.

ಗಿಡಕ್ಕೆ ನೆರೆಯವರ ಭಾಷೆ ಕಲಿಯಲಾಗದು. ತಾನು ಹರಡಿದ ನೆಲಕ್ಕೆ ಏನಾಯಿತೆಂದು ಹಿಂದಿರುಗಿ ನೋಡಲಾಗದು. ಮನುಷ್ಯನಿಗೆ ಎರಡೂ ಸಾಧ್ಯ. ಆದ್ದರಿಂದಲೇ ಈ ಹೋಲಿಕೆ ಮೂಲದಲ್ಲೇ ತಪ್ಪು. ಕಳೆ ಕೀಳುವವರು ಅದನ್ನು ದೇಶಭಕ್ತಿಯ ಹೆಸರಿನಲ್ಲಿ ಮಾಡಬೇಕಿಲ್ಲ, ಹುಲ್ಲಿಗೂ ಜಿಂಕೆಗೂ ಎಡೆಯಾಗಲೆಂದು ಮಾಡಿದರೆ ಸಾಕು. ನಾವು ಹೋಲಿಕೆಗೆ ನೊಂದು ಕಳೆಯ ಹಾನಿಯನ್ನು ಅಲ್ಲಗಳೆಯಬೇಕಿಲ್ಲ. ಹಾಗೆಯೇ, ಬಂದ ನೆಲದಲ್ಲಿ ಉಳಿದವರಿಗೆ ಎಡೆಗೊಟ್ಟಿದ್ದೇವೆಯೇ, ಮರಾಠಿ ಕಲಿತಿದ್ದೇವೆಯೇ ಎಂದು ನಮ್ಮನ್ನು ನಾವು ಕೇಳಿಕೊಳ್ಳುವುದರಲ್ಲಿ ಅವಮಾನವೇನೂ ಇಲ್ಲ.

ಮುಂದಿನ ಮಳೆಗಾಲಕ್ಕೆ ಸಂಘದಿಂದ ಒಂದು ದಿನ ಗುಡ್ಡದ ಮೇಲೆ ಪಾರ್ಥೇನಿಯಂ ಕೀಳಲು ಹೋಗೋಣವೆಂದು ಕಾರ್ಯಕಾರಿ ಸಮಿತಿಗೆ ಸೂಚಿಸಿದ್ದೇನೆ. ಹೂ ಬಿಡುವ ಮೊದಲೇ ಹೋಗಬೇಕು, ಕೈಚೀಲ ತೊಡಬೇಕು. ನೆರೆಹೊರೆಯ ಮರಾಠಿ ಬಂಧುಗಳನ್ನೂ ಕರೆಯಬೇಕು. ಆ ಉಪನ್ಯಾಸಕರೂ ಬಂದರೆ, ಬುತ್ತಿ ಬಿಚ್ಚುವ ಹೊತ್ತಿನಲ್ಲಿ ಜೋಳದ ರೊಟ್ಟಿ, ಮೆಣಸಿನಕಾಯಿ ಚಟ್ನಿಯನ್ನು ಮುಂದಿಟ್ಟುಕೊಂಡು ಈ ಚರ್ಚೆಯನ್ನು ಮುಂದುವರಿಸಬಹುದು.